ಬೆನ್ನಿನ ವಕ್ರತೆಗೆ ಶಸ್ತ್ರಚಿಕಿತ್ಸೆ: ಯಾವ ಅಳತೆಗೆ ಯಾವಾಗ ಎಷ್ಟು ತೂಕ?

ಬೆನ್ನುಮೂಳೆ ಪಕ್ಕಕ್ಕೆ ಬಾಗಿರುವ ಮಗುವನ್ನು ಇಬ್ಬರು ತಜ್ಞರಿಗೆ ತೋರಿಸಿದಾಗ, ಅದೇ ಎಕ್ಸ್-ರೇ ನೋಡಿ ಒಬ್ಬರು ಈಗಲೇ ಆಪರೇಷನ್ ಮಾಡಿಸುವುದು ಒಳ್ಳೆಯದು ಎನ್ನುವುದೂ ಇನ್ನೊಬ್ಬರು ಆರು ತಿಂಗಳು ಕಾದು ನೋಡೋಣ ಎನ್ನುವುದೂ ಅಪರೂಪವೇನಲ್ಲ. ಮನೆಯವರ ಕೈಯಲ್ಲಿರುವ ವರದಿಯಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಒಂದೇ ಸಂಖ್ಯೆಯಾದ್ದರಿಂದ, ಇಬ್ಬರಲ್ಲಿ ಒಬ್ಬರು ತಪ್ಪಿರಬೇಕು ಎಂಬ ಅನುಮಾನ ಹುಟ್ಟುತ್ತದೆ. ಬಹುಮಟ್ಟಿಗೆ ಇಬ್ಬರೂ ತಪ್ಪಿರುವುದಿಲ್ಲ; ಒಬ್ಬರು ಕೋನಕ್ಕೆ ಹೆಚ್ಚು ಬೆಲೆ ಕೊಟ್ಟಿರುತ್ತಾರೆ, ಇನ್ನೊಬ್ಬರು ಮಗುವಿಗೆ ಉಳಿದಿರುವ ಬೆಳವಣಿಗೆಗೆ. ರೋಗಿ ಅರವತ್ತು ದಾಟಿದವರಾದರೆ ಲೆಕ್ಕವೇ ಬೇರೆಯಾಗುತ್ತದೆ. ವರದಿಯಲ್ಲಿ ಬರುವ ಅಳತೆಗಳಲ್ಲಿ ಯಾವುದು ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ, ಯಾರ ವಿಷಯದಲ್ಲಿ ಯಾವುದನ್ನು ಮುಂದಿಟ್ಟು ನೋಡಬೇಕು ಎಂಬುದನ್ನು ಇಲ್ಲಿ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ವಿವರಿಸಿದೆ.

ಕಾಬ್ ಕೋನ ಮತ್ತು ಅದರ ಐದು ಡಿಗ್ರಿ

ನ್ಯೂಯಾರ್ಕಿನ ಮೂಳೆತಜ್ಞ ಜಾನ್ ರಾಬರ್ಟ್ ಕಾಬ್ 1948ರಲ್ಲಿ ವಿವರಿಸಿದ ವಿಧಾನವೇ ಇಂದಿಗೂ ಎಲ್ಲ ಲೆಕ್ಕಗಳ ತಳಹದಿ. ರೋಗಿ ನೆಟ್ಟಗೆ ನಿಂತಾಗ ತೆಗೆದ ಎಕ್ಸ್-ರೇಯಲ್ಲಿ, ಬಾಗಿನ ಮೇಲ್ತುದಿಯಲ್ಲಿ ಅತಿ ಹೆಚ್ಚು ವಾಲಿರುವ ಕಶೇರುಮಣಿಯ ಮೇಲಂಚಿಗೆ ಒಂದು ಗೆರೆಯನ್ನೂ ಕೆಳತುದಿಯಲ್ಲಿ ಅತಿ ಹೆಚ್ಚು ವಾಲಿರುವ ಮಣಿಯ ಕೆಳಂಚಿಗೆ ಇನ್ನೊಂದು ಗೆರೆಯನ್ನೂ ಎಳೆದು, ಅವುಗಳ ನಡುವಿನ ಕೋನವನ್ನು ಅಳೆಯುತ್ತಾರೆ. ಅದು 10 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿದ್ದು, ಮಣಿಗಳು ತಿರುಚಿಕೊಂಡಿದ್ದರೆ ಮಾತ್ರ ಸ್ಕೋಲಿಯೋಸಿಸ್ ಎನ್ನುತ್ತಾರೆ. ಬೆಳೆಯುತ್ತಿರುವ ಮಕ್ಕಳಲ್ಲಿ 25ರಿಂದ 40 ಡಿಗ್ರಿಯವರೆಗೆ ಬ್ರೇಸ್ (ಮೈಗೆ ಬಿಗಿಯಾಗಿ ಧರಿಸುವ ಗಟ್ಟಿ ಕವಚ), 45ರಿಂದ 50 ಡಿಗ್ರಿ ದಾಟಿದರೆ ಶಸ್ತ್ರಚಿಕಿತ್ಸೆಯ ಮಾತು ಎಂಬುದು ಸಾಮಾನ್ಯವಾಗಿ ಪಾಲಿಸುವ ಮೇರೆ.

50 ಡಿಗ್ರಿಯ ಮೇರೆಗೆ ಕಾರಣವಿದೆ. ಅಮೆರಿಕದ ಅಯೋವಾದಲ್ಲಿ ರೋಗಿಗಳನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನಗಳಲ್ಲಿ, ಬೆಳವಣಿಗೆ ನಿಲ್ಲುವ ಹೊತ್ತಿಗೆ 30 ಡಿಗ್ರಿಗಿಂತ ಕಡಿಮೆಯಿದ್ದ ಬಾಗುಗಳು ಸಾಮಾನ್ಯವಾಗಿ ಅಲ್ಲೇ ನಿಂತವು. ಎದೆಮಟ್ಟದಲ್ಲಿ 50 ಡಿಗ್ರಿ ದಾಟಿದ್ದವು ಮಾತ್ರ ದೊಡ್ಡವರಾದ ಮೇಲೂ ವರ್ಷಕ್ಕೆ ಸರಿಸುಮಾರು ಒಂದು ಡಿಗ್ರಿಯಂತೆ ಹೆಚ್ಚುತ್ತಲೇ ಹೋದವು. ಹದಿನಾರರ ಹುಡುಗಿಗೆ ಇಂದು ನೋವಿಲ್ಲದಿದ್ದರೂ ವೈದ್ಯರು ಆಪರೇಷನ್ನಿನ ಮಾತೆತ್ತುವುದು, ಆಕೆಯ ನಲವತ್ತನೆಯ ವಯಸ್ಸನ್ನು ಕಣ್ಣಮುಂದೆ ಇಟ್ಟುಕೊಂಡು.

ಆದರೆ ಈ ಕೋನವನ್ನು ಚಿನ್ನದ ತೂಕದ ಹಾಗೆ ನಿಖರವೆಂದು ಭಾವಿಸಬಾರದು. ಒಂದೇ ಫಿಲ್ಮನ್ನು ಇಬ್ಬರು ಅಳೆದರೆ, ಅಥವಾ ಒಬ್ಬರೇ ಎರಡು ದಿನ ಅಳೆದರೆ, 3ರಿಂದ 5 ಡಿಗ್ರಿ ವ್ಯತ್ಯಾಸ ಬರುವುದು ಮಾಮೂಲು. ವ್ಯತ್ಯಾಸದ ಮುಖ್ಯ ಮೂಲ ತುದಿಯ ಮಣಿಗಳ ಆಯ್ಕೆ. ಕಳೆದ ಬಾರಿ ಎದೆಯ ಐದನೆಯ ಮಣಿಯಿಂದ ಹನ್ನೆರಡನೆಯ ಮಣಿಯವರೆಗೆ ಅಳೆದು, ಈ ಬಾರಿ ಆರನೆಯದರಿಂದ ಸೊಂಟದ ಮೊದಲನೆಯ ಮಣಿಯವರೆಗೆ ಅಳೆದಿದ್ದರೆ, ಬಂದ ಎರಡು ಸಂಖ್ಯೆಗಳು ಬೇರೆಬೇರೆ ವಸ್ತುಗಳ ಅಳತೆಗಳಾಗಿರುತ್ತವೆ. ಆದ್ದರಿಂದ ಮೂರು ಡಿಗ್ರಿ ಹೆಚ್ಚಾಗಿದೆ ಎಂಬ ಒಂದು ಸಾಲಿನ ವರದಿಯನ್ನು ನೋಡಿ ಯಾರೂ ಆಪರೇಷನ್ ದಿನಾಂಕ ಗೊತ್ತುಮಾಡಿಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಳೆಯ ಮತ್ತು ಹೊಸ ಫಿಲ್ಮುಗಳೆರಡನ್ನೂ ಒಬ್ಬರೇ, ಒಂದೇ ಕೂತಲ್ಲಿ, ಅವೇ ಮಣಿಗಳ ನಡುವೆ ಅಳೆದಾಗಲೂ ಐದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಉಳಿದರೆ, ಆಗ ಬಾಗು ನಿಜಕ್ಕೂ ಬೆಳೆದಿದೆ ಎನ್ನಬಹುದು.

ಇನ್ನೊಂದು ಗೊಂದಲ ಎಂಆರ್‌ಐಯಿಂದ ಹುಟ್ಟುತ್ತದೆ. ಎಂಆರ್‌ಐ ಮತ್ತು ಸಿಟಿ ಸ್ಕ್ಯಾನ್‌ಗಳನ್ನು ಅಂಗಾತ ಮಲಗಿಸಿ ತೆಗೆಯುವುದರಿಂದ, ದೇಹದ ಭಾರ ಬೆನ್ನಿನ ಮೇಲೆ ಬೀಳದೆ ಬಾಗು ಚಿಕ್ಕದಾಗಿ ಕಾಣುತ್ತದೆ. ನಿಂತಾಗ 48 ಇದ್ದದ್ದು ಮಲಗಿದಾಗ 40ರ ಆಸುಪಾಸಿನಲ್ಲಿ ಬಂದರೆ ಅದು ಚಿಕಿತ್ಸೆಯ ಫಲವಲ್ಲ, ಭಂಗಿಯ ಫಲ. ಎಂಆರ್‌ಐಯ ಕೆಲಸವೇ ಬೇರೆ. ಹತ್ತು ವರ್ಷಕ್ಕೂ ಮೊದಲೇ ಕಾಣಿಸಿಕೊಂಡ ಬಾಗು, ಎದೆಮಟ್ಟದಲ್ಲಿ ಎಡಕ್ಕೆ ಉಬ್ಬಿದ ಬಾಗು, ಕಾಲಿನಲ್ಲಿ ಶಕ್ತಿ ಕುಂದುವುದು, ಬೇಗಬೇಗನೆ ಹೆಚ್ಚುವ ಕೋನ ಇವುಗಳಲ್ಲಿ ಯಾವುದಾದರೂ ಇದ್ದರೆ, ಬೆನ್ನುಹುರಿಯೊಳಗೆ ನೀರು ತುಂಬಿದ ಕೊಳವೆಯೋ ಬೇರೆ ದೋಷವೋ ಇದೆಯೇ ಎಂದು ಶಸ್ತ್ರಚಿಕಿತ್ಸೆಗೆ ಮೊದಲೇ ತಿಳಿಯಲು ಅದನ್ನು ಮಾಡಿಸುತ್ತಾರೆ.

ಕಾಬ್ ಕೋನ ಕಾಣದೇ ಬಿಡುವ ಮುಖ್ಯ ಸಂಗತಿ ತಿರುಚು. ಹುಡುಗಿಯರಲ್ಲಿ ಬ್ಲೌಸಿನ ಅಳತೆ ತೆಗೆಯುವ ದರ್ಜಿಯೇ ಮನೆಯವರಿಗಿಂತ ಮೊದಲು ಒಂದು ಭುಜದ ಮೂಳೆ ಉಬ್ಬಿರುವುದನ್ನು ಗಮನಿಸುವುದುಂಟು; ಆ ಉಬ್ಬು ಬರುವುದು ಮಣಿಗಳು ತಿರುಗಿ ಪಕ್ಕೆಲುಬುಗಳನ್ನು ಹಿಂದಕ್ಕೆ ದೂಡುವುದರಿಂದ. ವಿಲಿಯಂ ಆಡಮ್ಸ್ 1865ರಲ್ಲಿ ವಿವರಿಸಿದ ಮುಂಬಾಗುವ ಪರೀಕ್ಷೆಯಲ್ಲಿ ಇದು ಎದ್ದು ಕಾಣುತ್ತದೆ; ಬೆನ್ನಿನ ಮೇಲಿಡುವ ಸ್ಕೋಲಿಯೋಮೀಟರ್ 5ರಿಂದ 7 ಡಿಗ್ರಿ ತೋರಿಸಿದರೆ ಎಕ್ಸ್-ರೇಗೆ ಕಳಿಸುತ್ತಾರೆ. ಈ ಅಳತೆಗೆ ವಿಕಿರಣದ ಹಂಗಿಲ್ಲ, ಹಾಗಾಗಿ ಪದೇಪದೇ ನೋಡಲು ಅನುಕೂಲ. ಆದರೆ ಇದರ ಡಿಗ್ರಿಯೇ ಬೇರೆ, ಕಾಬ್ ಕೋನದ ಡಿಗ್ರಿಯೇ ಬೇರೆ. ಒಂದನ್ನು ಇನ್ನೊಂದರ ಜಾಗದಲ್ಲಿ ಇಟ್ಟು ಓದಬಾರದು.

ಮಕ್ಕಳಲ್ಲಿ ಕೋನದಷ್ಟೇ ಮುಖ್ಯ, ಉಳಿದಿರುವ ಬೆಳವಣಿಗೆ

ಒಂದೇ 28 ಡಿಗ್ರಿ ಇಬ್ಬರು ಮಕ್ಕಳಲ್ಲಿ ಎರಡು ಬೇರೆ ಭವಿಷ್ಯಗಳನ್ನು ಸೂಚಿಸುತ್ತದೆ. ಸೊಂಟದೆಲುಬಿನ ಮೇಲಂಚಿನಲ್ಲಿ ಹೊಸ ಮೂಳೆ ಎಷ್ಟರಮಟ್ಟಿಗೆ ಕಟ್ಟಿಕೊಂಡಿದೆ ಎಂಬುದನ್ನು 0ಯಿಂದ 5ರವರೆಗೆ ಗುರುತಿಸುವ ರಿಸ್ಸರ್ ದರ್ಜೆ ಇದಕ್ಕಾಗಿಯೇ ಇದೆ; 0 ಎಂದರೆ ಬೆಳವಣಿಗೆ ಇನ್ನೂ ಬೇಕಾದಷ್ಟಿದೆ, 5 ಎಂದರೆ ಮುಗಿದಿದೆ. 1984ರಲ್ಲಿ ಲಾನ್‌ಸ್ಟೀನ್ ಮತ್ತು ಕಾರ್ಲ್‌ಸನ್ ಪ್ರಕಟಿಸಿದ ಅಧ್ಯಯನದಲ್ಲಿ, 20ರಿಂದ 29 ಡಿಗ್ರಿಯ ಬಾಗಿದ್ದ ಮಕ್ಕಳಲ್ಲಿ ರಿಸ್ಸರ್ 0 ಅಥವಾ 1 ಇದ್ದವರ ಪೈಕಿ ಶೇಕಡಾ 68 ಮಂದಿಗೆ ಬಾಗು ಹೆಚ್ಚಿತು. ರಿಸ್ಸರ್ 2ರಿಂದ 4 ಇದ್ದವರಲ್ಲಿ ಶೇಕಡಾ 23 ಮಂದಿಗೆ ಮಾತ್ರ. ರಿಸ್ಸರ್ ದರ್ಜೆಯ ಕೊರತೆಯೆಂದರೆ, ಮಗು ಅತಿ ವೇಗವಾಗಿ ಬೆಳೆಯುವ ಕಾಲ ಅದು 0 ಆಗಿರುವಾಗಲೇ ಬಹುಪಾಲು ಕಳೆದುಹೋಗಿರುತ್ತದೆ. ಎಡಗೈ ಬೆರಳುಗಳ ಎಕ್ಸ್-ರೇಯಿಂದ 1ರಿಂದ 8ರವರೆಗೆ ಹಂತ ಗುರುತಿಸುವ ಸ್ಯಾಂಡರ್ಸ್ ಕ್ರಮವು ಆ ಅವಧಿಯನ್ನೇ ಬಿಡಿಸಿ ತೋರಿಸುವುದರಿಂದ, ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ನಾನು ಕೈಯ ಎಕ್ಸ್-ರೇಯನ್ನು ಕೇಳುತ್ತೇನೆ. ಹುಡುಗಿಯರ ಮಟ್ಟಿಗೆ ಮುಟ್ಟು ಶುರುವಾದ ತಿಂಗಳನ್ನೂ ವೈದ್ಯರು ಕೇಳುತ್ತಾರೆ. ಅದನ್ನು ಸಂಕೋಚವಿಲ್ಲದೆ, ಸರಿಯಾಗಿ ಹೇಳಬೇಕು.

ಬ್ರೇಸ್ ಮತ್ತು ಕಾಯುವಿಕೆಯ ನಡುವಿನ ಆಯ್ಕೆಗೆ ಗಟ್ಟಿಯಾದ ಪುರಾವೆ 2013ರಲ್ಲಿ ಅಮೆರಿಕ ಮತ್ತು ಕೆನಡಾದ ಆಸ್ಪತ್ರೆಗಳ ಪ್ರಯೋಗದಿಂದ ಬಂತು. ಬ್ರೇಸ್ ಹಾಕಿದವರಲ್ಲಿ ಶೇಕಡಾ 72 ಮಕ್ಕಳು 50 ಡಿಗ್ರಿ ಮುಟ್ಟದೆ ಬೆಳವಣಿಗೆ ಮುಗಿಸಿದರು. ಸುಮ್ಮನೆ ಗಮನಿಸಿದವರಲ್ಲಿ ಶೇಕಡಾ 48. ದಿನಕ್ಕೆ ಸುಮಾರು 13 ಗಂಟೆಗಿಂತ ಹೆಚ್ಚು ಕಾಲ ಧರಿಸಿದವರಲ್ಲಿ ಯಶಸ್ಸು ಶೇಕಡಾ 90ನ್ನು ದಾಟಿತು. ಅಂದರೆ 30 ಡಿಗ್ರಿ, ರಿಸ್ಸರ್ 0 ಇರುವ ಮಗುವಿಗೆ ಬ್ರೇಸ್ ಕೊಡದೆ ಕಾಯುವುದು ದುಬಾರಿಯಾಗಬಹುದು. 48 ಡಿಗ್ರಿ, ರಿಸ್ಸರ್ 5 ಇರುವವಳಿಗೆ ಬ್ರೇಸ್ ಹಾಕುವುದರಿಂದ ಹೆಚ್ಚೇನೂ ಆಗದು, ಆಕೆಯ ಮಟ್ಟಿಗೆ ಕಾಯುವುದು ಒಪ್ಪಬಹುದಾದ ಮಾತು. ಮೊದಲಿಗೆ ಹೇಳಿದ ಇಬ್ಬರು ತಜ್ಞರ ಭಿನ್ನಾಭಿಪ್ರಾಯ ಹೆಚ್ಚಾಗಿ ಹುಟ್ಟುವುದು ಈ ಜಾಗದಲ್ಲಿ.

ಸಾಮಾನ್ಯ ಶಸ್ತ್ರಚಿಕಿತ್ಸೆಯಲ್ಲಿ ಮಾಡುವಂತೆ ಸರಳು, ಸ್ಕ್ರೂ ಹಾಕಿ ಮಣಿಗಳನ್ನು ಒಂದಕ್ಕೊಂದು ಬೆಸೆಯದೆ, ಬಾಗಿನ ಉಬ್ಬಿದ ಬದಿಗೆ ಹಗ್ಗದಂತಹ ಎಳೆಯನ್ನು ಕಟ್ಟಿ ಬೆಳವಣಿಗೆಯಿಂದಲೇ ಬಾಗನ್ನು ತಿದ್ದುವ ಟೆದರಿಂಗ್ ವಿಧಾನಕ್ಕೆ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಸೀಮಿತ ಅನುಮತಿ ಕೊಟ್ಟಿತು. ಅದು ಬೆಳವಣಿಗೆ ಬಾಕಿಯಿರುವ, 30ರಿಂದ 65 ಡಿಗ್ರಿಯ ಬಾಗಿರುವ ಮಕ್ಕಳಿಗೆ. ಇಲ್ಲೂ ದಾರಿ ತೋರಿಸುವುದು ಬೆಳವಣಿಗೆಯ ಅಳತೆಯೇ. ಎತ್ತರ ನಿಂತ ಮೇಲೆ ಈ ದಾರಿ ಮುಚ್ಚಿದಂತೆ.

ಎಷ್ಟು ಮಣಿಗಳನ್ನು ಬೆಸೆಯಬೇಕು: ಬಾಗಿಸಿ ತೆಗೆದ ಎಕ್ಸ್-ರೇ

ಶಸ್ತ್ರಚಿಕಿತ್ಸೆ ಬೇಕು ಎಂದು ತೀರ್ಮಾನವಾದ ಮೇಲೆ ಎದುರಾಗುವ ನಿಜವಾದ ಆಯ್ಕೆ, ಎಲ್ಲಿಂದ ಎಲ್ಲಿಯವರೆಗೆ ಎಂಬುದು. ಈ ಪ್ರಶ್ನೆಯನ್ನು ಕೇಳುವ ಮನೆಯವರು ಕಡಿಮೆ. ನಾಳಿನ ಬದುಕಿನಲ್ಲಿ ಹೆಚ್ಚು ಎದ್ದು ಕಾಣುವುದು ಮಾತ್ರ ಇದೇ. ಬೆಸೆದ ಮಣಿಗಳ ನಡುವೆ ಮತ್ತೆ ಚಲನೆಯಿರುವುದಿಲ್ಲ. ಬೆಸುಗೆ ಎದೆಮಟ್ಟದಲ್ಲೇ ನಿಂತರೆ ಬಾಗುವುದು, ಏಳುವುದು ಹೆಚ್ಚುಕಡಿಮೆ ಮೊದಲಿನಂತೆಯೇ ಉಳಿಯುತ್ತದೆ. ಸೊಂಟದ ನಾಲ್ಕನೆಯ ಮಣಿಯವರೆಗೆ ಇಳಿದರೆ, ಕೆಳಗೆ ಉಳಿದ ಒಂದೆರಡು ಡಿಸ್ಕುಗಳೇ ಎಲ್ಲ ಬಾಗುವಿಕೆಯ ಭಾರವನ್ನೂ ಹೊರಬೇಕಾಗುತ್ತದೆ.

ಇದನ್ನು ನಿರ್ಧರಿಸಲು ರೋಗಿಯನ್ನು ಎಡಕ್ಕೂ ಬಲಕ್ಕೂ ಸಾಧ್ಯವಾದಷ್ಟು ಬಾಗಿಸಿ ಎಕ್ಸ್-ರೇ ತೆಗೆಯುತ್ತಾರೆ. 2001ರಲ್ಲಿ ಪ್ರಕಟವಾದ ಲೆಂಕೆ ವರ್ಗೀಕರಣದ ಮುಖ್ಯ ನಿಯಮದ ಪ್ರಕಾರ, ಅತಿ ದೊಡ್ಡ ಬಾಗನ್ನು ಬಿಟ್ಟು ಉಳಿದ ಬಾಗು, ಬಾಗಿಸಿದ ಮೇಲೂ 25 ಡಿಗ್ರಿ ಅಥವಾ ಹೆಚ್ಚು ಉಳಿದರೆ ಅದನ್ನು ಬಿಗಿಯಾದ, ಅಂದರೆ ರಚನೆಯಲ್ಲೇ ಸೇರಿಹೋದ ಬಾಗೆಂದು ಎಣಿಸುತ್ತಾರೆ. ಅದಕ್ಕಿಂತ ಕಡಿಮೆಗೆ ಇಳಿದರೆ ಅದು ದೇಹ ಸಮತೋಲಕ್ಕಾಗಿ ಮಾಡಿಕೊಂಡ ಬಾಗು. ಉದಾಹರಣೆಗೆ, ಎದೆಯಲ್ಲಿ ಬಲಕ್ಕೆ 54, ಸೊಂಟದಲ್ಲಿ ಎಡಕ್ಕೆ 36 ಡಿಗ್ರಿ ಇರುವ ಹುಡುಗಿಯನ್ನು ಊಹಿಸಿಕೊಳ್ಳಿ. ನಿಂತ ಎಕ್ಸ್-ರೇಯನ್ನು ಮಾತ್ರ ನೋಡಿದರೆ ಎರಡನ್ನೂ ಬೆಸೆಯಬೇಕು ಎನಿಸುತ್ತದೆ. ಎಡಕ್ಕೆ ಬಾಗಿಸಿದಾಗ ಸೊಂಟದ 36 ಇಳಿದು 14ಕ್ಕೆ ಬಂದು, ಪಕ್ಕದ ನೋಟದಲ್ಲೂ ಆ ಭಾಗದಲ್ಲಿ ಅಸಹಜ ಗೂನಿಲ್ಲದಿದ್ದರೆ, ಎದೆಯ ಬಾಗನ್ನು ಮಾತ್ರ ತಿದ್ದಿ ಸೊಂಟವನ್ನು ತನ್ನಷ್ಟಕ್ಕೆ ನೆಟ್ಟಗಾಗಲು ಬಿಡುವುದು ಸಾಧ್ಯ. ಅದೇ 36 ಬಾಗಿಸಿದಾಗಲೂ 29ರಲ್ಲೇ ನಿಂತರೆ ಬೆಸುಗೆ ಕೆಳಗಿಳಿಯಬೇಕಾಗುತ್ತದೆ. ನಿಂತಾಗಿನ ಎರಡು ಸಂಖ್ಯೆಗಳೂ ಒಂದೇ, ಆಪರೇಷನ್ ಮಾತ್ರ ಎರಡು ಬಗೆ.

ಬಾಗಿಸಿದ ಫಿಲ್ಮಿಗೂ ಮಿತಿಯಿದೆ. ನೋವಿನಿಂದಲೋ ಹೆದರಿಕೆಯಿಂದಲೋ ಮಗು ಅರ್ಧಕ್ಕೇ ನಿಲ್ಲಿಸಿದರೆ ಬಾಗು ಇರುವುದಕ್ಕಿಂತ ಬಿಗಿಯೆಂದು ತೋರುತ್ತದೆ. ಬಾಗಿಗೆ ಆಸರೆಯಾಗಿ ಉರುಳು ದಿಂಬಿನಂಥದ್ದನ್ನಿಟ್ಟು ಅದರ ಮೇಲೆ ಮಗ್ಗುಲಾಗಿ ಮಲಗಿಸಿ ತೆಗೆಯುವ ಕ್ರಮ ಇರುವುದು ಇದಕ್ಕಾಗಿ. ಅಲ್ಲಿ ರೋಗಿಯ ಪ್ರಯತ್ನವನ್ನು ನೆಚ್ಚಬೇಕಾಗಿಲ್ಲ. ತುಂಬಾ ದೊಡ್ಡ ಬಾಗುಗಳಲ್ಲಿ ಎಳೆತ ಕೊಟ್ಟು ತೆಗೆದ ಎಕ್ಸ್-ರೇ ಹೆಚ್ಚು ಉಪಯುಕ್ತ. ಶಸ್ತ್ರಚಿಕಿತ್ಸೆಯ ಗುರಿ ಸೊನ್ನೆ ಡಿಗ್ರಿಯಲ್ಲ ಎಂಬುದನ್ನೂ ಇಲ್ಲೇ ತಿಳಿದುಕೊಳ್ಳುವುದು ಒಳ್ಳೆಯದು. ತಲೆ ಸೊಂಟದ ನಡುವಿಗೆ ಸರಿಯಾಗಿ ಬಂದು, ಭುಜಗಳು ಸಮವಾಗಿ, ಆದಷ್ಟು ಕಡಿಮೆ ಮಣಿಗಳು ಬೆಸೆದಿದ್ದರೆ, 54 ಇದ್ದದ್ದು 20ರಲ್ಲಿ ಉಳಿದರೂ ಅದು ಒಳ್ಳೆಯ ಫಲಿತಾಂಶ. ಕತ್ತಿನ ಏಳನೆಯ ಮಣಿಯಿಂದ, ಗೋಡೆ ಕಟ್ಟುವವರು ಬಿಡುವ ತೂಕದ ದಾರದ ಹಾಗೆ, ಒಂದು ನೇರ ಗೆರೆಯನ್ನು ಕೆಳಗಿಳಿಸಿದಾಗ ಅದು ಸೊಂಟದ ನಡುಗೆರೆಯಿಂದ ಎರಡು ಸೆಂಟಿಮೀಟರಿಗಿಂತ ಆಚೆ ಸರಿದರೆ ಸಮತೋಲ ತಪ್ಪಿದೆ ಎನ್ನುತ್ತಾರೆ.

ದೊಡ್ಡವರಲ್ಲಿ ಪಕ್ಕದ ನೋಟಕ್ಕೆ ಮೊದಲ ಸ್ಥಾನ

ಟೆಕ್ಸಾಸಿನ ಪಾಲ್ ಹ್ಯಾರಿಂಗ್ಟನ್ 1962ರಲ್ಲಿ ಪ್ರಕಟಿಸಿದ ಉಕ್ಕಿನ ಸರಳಿನ ವಿಧಾನವು ಸ್ಕೋಲಿಯೋಸಿಸ್ ಚಿಕಿತ್ಸೆಯ ಹೊಸ ಯುಗವನ್ನೇ ತೆರೆಯಿತು. ಆದರೆ ಸರಳು ಬೆನ್ನನ್ನು ಮೇಲೆ ಕೆಳಗೆ ಹಿಗ್ಗಿಸಿ ನೇರ ಮಾಡುತ್ತಿದ್ದುದರಿಂದ, ಸೊಂಟದವರೆಗೆ ಹಾಕಿದವರಲ್ಲಿ ಸಹಜವಾಗಿ ಒಳಕ್ಕೆ ಬಾಗಿರಬೇಕಾದ ಸೊಂಟವೂ ಚಪ್ಪಟೆಯಾಯಿತು. ಎದುರಿನಿಂದ ತೆಗೆದ ಎಕ್ಸ್-ರೇ ಅಂದವಾಗಿ ಕಾಣುತ್ತಿತ್ತು; ವರ್ಷಗಳ ಮೇಲೆ ರೋಗಿಗಳು ಮುಂದಕ್ಕೆ ವಾಲಿ, ಮಂಡಿ ಮಡಚದೆ ನೆಟ್ಟಗೆ ನಿಲ್ಲಲಾಗದೆ ಹಿಂದಿರುಗಿದರು. ಆ ಅನುಭವದಿಂದಲೇ ಪಕ್ಕದ ನೋಟದ ಅಳತೆಗಳಿಗೆ ಬೆಲೆ ಬಂತು. 2005ರಲ್ಲಿ ಪ್ರಕಟವಾದ ಗ್ಲಾಸ್‌ಮನ್ ಮತ್ತು ಸಂಗಡಿಗರ ಅಧ್ಯಯನವು, ದೊಡ್ಡವರಲ್ಲಿ ದೇಹ ಮುಂದಕ್ಕೆ ವಾಲಿದಷ್ಟೂ ನೋವು, ನಿಶ್ಶಕ್ತಿ ಹೆಚ್ಚುತ್ತವೆ ಎಂದು ತೋರಿಸಿತು.

ವರದಿಯಲ್ಲಿ ಹುಡುಕಬೇಕಾದವು ಮೂರು. ಮೊದಲನೆಯದು ಎಸ್‌ವಿಎ: ಕತ್ತಿನ ಏಳನೆಯ ಮಣಿಯಿಂದ ಇಳಿಸಿದ ನೇರ ಗೆರೆ, ತ್ರಿಕಾಸ್ಥಿಯ (ಬೆನ್ನುಮೂಳೆಯ ಬುಡದಲ್ಲಿ, ಸೊಂಟದೆಲುಬುಗಳ ನಡುವೆ ಇರುವ ಮೂಳೆ) ಹಿಂಬದಿಯ ಮೇಲ್ಮೂಲೆಯಿಂದ ಎಷ್ಟು ಮುಂದೆ ಬೀಳುತ್ತದೆ ಎಂಬ ದೂರ. ಎರಡನೆಯದು ಪೆಲ್ವಿಕ್ ಇನ್ಸಿಡೆನ್ಸ್: ತ್ರಿಕಾಸ್ಥಿಯ ಮೇಲ್ಮೈಯ ನಡುವಿನಿಂದ ಅದಕ್ಕೆ ಲಂಬವಾಗಿ ಎಳೆದ ಗೆರೆಗೂ ಅಲ್ಲಿಂದ ತೊಡೆಮೂಳೆಯ ತಲೆಗಳ ನಡುವಿಗೆ ಎಳೆದ ಗೆರೆಗೂ ನಡುವಿನ ಕೋನ. ಇದು ಹುಟ್ಟಿನಿಂದ ಬಂದ ಆಕಾರ. ಬೆಳೆದ ಮೇಲೆ ಬಹುಮಟ್ಟಿಗೆ ಬದಲಾಗುವುದಿಲ್ಲ, ನಿಲ್ಲುವ ಭಂಗಿಗೆ ತಕ್ಕಂತೆಯೂ ಬದಲಾಗುವುದಿಲ್ಲ. ಆದ್ದರಿಂದಲೇ ಇದನ್ನು ಅಳತೆಗೋಲಾಗಿ ಬಳಸಿ, ಸೊಂಟದ ಒಳಬಾಗು ಇದಕ್ಕೆ ಹೊಂದುತ್ತದೆಯೇ ಎಂದು ನೋಡುತ್ತಾರೆ. ಅಂತರ 10 ಡಿಗ್ರಿಯೊಳಗಿದ್ದರೆ ಸರಿ. ಮೂರನೆಯದು ಪೆಲ್ವಿಕ್ ಟಿಲ್ಟ್: ಮುಂದಕ್ಕೆ ಬೀಳದಿರಲು ರೋಗಿ ಸೊಂಟದೆಲುಬನ್ನು ಎಷ್ಟು ಹಿಂದಕ್ಕೆ ತಿರುಗಿಸಿಕೊಂಡಿದ್ದಾರೆ ಎಂಬುದು, 20 ಡಿಗ್ರಿ ದಾಟಿದರೆ ದೇಹ ಸರಿದೂಗಿಸಲು ಹೆಣಗುತ್ತಿದೆ ಎಂದರ್ಥ.

ಇವನ್ನು ಒಟ್ಟಿಗೆ ಓದಬೇಕು. ಇನ್ಸಿಡೆನ್ಸ್ 55, ಸೊಂಟದ ಒಳಬಾಗು 28, ಟಿಲ್ಟ್ 30, ಎಸ್‌ವಿಎ 3 ಸೆಂಟಿಮೀಟರ್ ಇರುವ ವರದಿಯನ್ನು ನೋಡೋಣ. ದೊಡ್ಡವರ ಬೆನ್ನಿನ ವಕ್ರತೆಗೆ ಬಳಸುವ 2012ರ ಎಸ್‌ಆರ್‌ಎಸ್–ಶ್ವಾಬ್ ವರ್ಗೀಕರಣದಲ್ಲಿ ಎಸ್‌ವಿಎ 4 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ದೋಷವಿಲ್ಲ. ಹಾಗಾಗಿ ಎಸ್‌ವಿಎ ಒಂದನ್ನೇ ನೋಡಿದವರು ಎಲ್ಲವೂ ಸರಿಯಾಗಿದೆ ಎನ್ನುತ್ತಾರೆ. ಆದರೆ 55ರಲ್ಲಿ 28 ಕಳೆದರೆ 27 ಡಿಗ್ರಿಯ ಕೊರತೆ, ಜೊತೆಗೆ 30 ಡಿಗ್ರಿಯ ಟಿಲ್ಟ್. ಈ ವ್ಯಕ್ತಿ ನೆಟ್ಟಗೆ ನಿಂತಿರುವುದು ಸೊಂಟವನ್ನು ಹಿಂದಕ್ಕೆ ತಿರುಗಿಸಿ, ಸ್ನಾಯುಗಳನ್ನು ದಣಿಸಿಕೊಂಡು. ಎಕ್ಸ್-ರೇ ಕೋಣೆಯಲ್ಲಿ ಒಂದು ನಿಮಿಷ ಸಾಧ್ಯವಾದದ್ದು ಸಂತೆಯಲ್ಲಿ ಅರ್ಧ ಗಂಟೆ ನಡೆದ ಮೇಲೆ ಸಾಧ್ಯವಾಗುವುದಿಲ್ಲ. ಇಂಥವರಿಗೆ ಎದುರಿನ ಕಾಬ್ ಕೋನ 25 ಡಿಗ್ರಿಯೇ ಇದ್ದರೂ ನೋವಿನ ಕಾರಣ ಪಕ್ಕದ ನೋಟದಲ್ಲಿರುತ್ತದೆ.

ಎಷ್ಟು ತಿದ್ದಬೇಕೆಂಬುದು ಯಾವ ಬಗೆಯ ಆಪರೇಷನ್ ಎಂಬುದನ್ನೂ ತೀರ್ಮಾನಿಸುತ್ತದೆ. ಮಣಿಯ ಹಿಂಭಾಗದ ಕೀಲುಗಳನ್ನು ಮಾತ್ರ ತೆಗೆದು ಮುಚ್ಚಿದರೆ ಒಂದು ಮಟ್ಟಕ್ಕೆ ಸುಮಾರು 10 ಡಿಗ್ರಿ ಸಿಗುತ್ತದೆ, ಅದೂ ಮುಂದಿನ ಡಿಸ್ಕ್ ಸಡಿಲವಿದ್ದರೆ. ಮಣಿಯೊಳಗಿನಿಂದಲೇ ಬೆಣೆಯಾಕಾರದ ತುಂಡನ್ನು ತೆಗೆದರೆ ಸುಮಾರು 30 ಡಿಗ್ರಿ, ಆದರೆ ರಕ್ತಸ್ರಾವ, ನರಗಳ ಅಪಾಯ ಎರಡೂ ಹೆಚ್ಚು. ಹಾಗೆಂದು ಎಲ್ಲರನ್ನೂ ಮೂವತ್ತರ ಹರೆಯದವರ ಅಳತೆಗೆ ತರಲು ಹೊರಡುವುದು ತಪ್ಪು. ವಯಸ್ಸಿಗೆ ತಕ್ಕ ಗುರಿ ಸಾಕೆಂಬ ಲೆಕ್ಕಾಚಾರ 2016ರಿಂದ ಬಳಕೆಗೆ ಬಂದಿದೆ. ಎಪ್ಪತ್ತೈದರ ಅಜ್ಜಿಯನ್ನು ಅತಿಯಾಗಿ ನೆಟ್ಟಗೆ ಮಾಡಿದರೆ, ಬೆಸುಗೆ ಮುಗಿಯುವ ಜಾಗದ ಮೇಲಿನ ಮಣಿಗಳು ಮುಂದಕ್ಕೆ ಕುಸಿದು ಹೊಸ ಗೂನು ಹುಟ್ಟುವ ಸಂಭವ ಹೆಚ್ಚುತ್ತದೆ. ಮೂಳೆ ಸಾಂದ್ರತೆಯ ಡೆಕ್ಸಾ ಪರೀಕ್ಷೆಯಿಲ್ಲದೆ ಈ ವಯಸ್ಸಿನಲ್ಲಿ ಸ್ಕ್ರೂ ಹಾಕುವ ಮಾತನ್ನು ಒಪ್ಪಿಕೊಳ್ಳಬಾರದು.

ಬೆಸುಗೆ ಸೊಂಟದೆಲುಬಿನವರೆಗೆ ಇಳಿಯುವುದಾದರೆ ನಮ್ಮ ಮನೆಗಳ ಮಟ್ಟಿಗೆ ಇನ್ನೊಂದು ಪ್ರಶ್ನೆಯಿದೆ. ನೆಲದ ಮೇಲೆ ಕೂತು ಊಟ ಮಾಡುವುದು, ಕುಕ್ಕರುಗಾಲಿನಲ್ಲಿ ಕೂರುವ ಪಾಯಖಾನೆ, ಶೌಚದ ನಂತರ ತೊಳೆದುಕೊಳ್ಳುವುದು, ಬಗ್ಗಿ ರಂಗೋಲಿ ಹಾಕುವುದು ಇವೆಲ್ಲ ಕಷ್ಟವಾಗುತ್ತವೆ. ಯಾವ ಅಳತೆಯೂ ಇದನ್ನು ತೋರಿಸುವುದಿಲ್ಲ, ಕೇಳಿಯೇ ತಿಳಿಯಬೇಕು.

ಗೂನಿನ ಲೆಕ್ಕ

ಬೆನ್ನು ಮುಂದಕ್ಕೆ ಬಾಗುವ ಕೈಫೋಸಿಸ್‌ನಲ್ಲಿಯೂ ಕಾಬ್ ವಿಧಾನವನ್ನೇ ಪಕ್ಕದ ಎಕ್ಸ್-ರೇ ಮೇಲೆ ಬಳಸುತ್ತಾರೆ. ಎದೆಮಟ್ಟದಲ್ಲಿ ಸುಮಾರು 20ರಿಂದ 45 ಡಿಗ್ರಿ ಸಹಜ. ಮಣಿಗಳು ಬೆಣೆಯಾಕಾರಕ್ಕೆ ಬೆಳೆಯುವುದರಿಂದ ಹದಿಹರೆಯದಲ್ಲಿ ಬರುವ ಶೂಯರ್ಮನ್ ಗೂನಿನಲ್ಲಿ 70–75 ಡಿಗ್ರಿ ದಾಟಿ ನೋವೋ ಎದ್ದುಕಾಣುವ ವಿರೂಪವೋ ಇದ್ದರೆ ಶಸ್ತ್ರಚಿಕಿತ್ಸೆಯನ್ನು ಯೋಚಿಸುತ್ತಾರೆ. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯದಿಂದ ಬರುವ ಗೂನು ಇನ್ನೂ ದೊಡ್ಡ ಸಮಸ್ಯೆ. ಅಲ್ಲಿ ಇಂದಿನ ಕೋನಕ್ಕಿಂತ ನಾಳೆಯ ಕೋನ ಮುಖ್ಯ. ತಮಿಳುನಾಡಿನ ಎಸ್. ರಾಜಶೇಖರನ್ ಮತ್ತು ಟಿ. ಕೆ. ಷಣ್ಮುಗಸುಂದರಂ 1987ರಲ್ಲಿ ಕೊಟ್ಟ ಸೂತ್ರದಂತೆ, ಚಿಕಿತ್ಸೆಯ ಆರಂಭದಲ್ಲಿ ಎಷ್ಟು ಮಣಿಗಳಷ್ಟು ಮೂಳೆ ನಷ್ಟವಾಗಿದೆಯೋ ಅದನ್ನು 30.5ರಿಂದ ಗುಣಿಸಿ 5.5 ಕೂಡಿಸಿದರೆ, ಔಷಧಿಯಿಂದ ಮಾತ್ರ ಗುಣವಾದ ಮೇಲೆ ಉಳಿಯಬಹುದಾದ ಗೂನಿನ ಅಂದಾಜು ಸಿಗುತ್ತದೆ. ಒಂದೂವರೆ ಮಣಿಯಷ್ಟು ನಷ್ಟವಿದ್ದರೆ ಅದು ಸುಮಾರು 51 ಡಿಗ್ರಿ. ಮಕ್ಕಳಲ್ಲಿ ರೋಗ ವಾಸಿಯಾದ ಮೇಲೂ ಬೆಳವಣಿಗೆಯ ಜೊತೆಗೆ ಗೂನು ಹೆಚ್ಚಬಹುದಾದ್ದರಿಂದ ಅವರನ್ನು ವರ್ಷಗಟ್ಟಲೆ ಗಮನಿಸುತ್ತಲೇ ಇರಬೇಕು.

ಯಾವ ಚಿತ್ರ, ಹೇಗೆ ತೆಗೆದದ್ದು

ಮೇಲಿನವುಗಳಲ್ಲಿ ನಿಂತಾಗ ನೋಡುವ ಅಳತೆಗಳಿಗೆಲ್ಲ ಬೇಕಾದದ್ದು ತಲೆಯಿಂದ ತೊಡೆಮೂಳೆಯ ತಲೆಗಳವರೆಗೆ ಒಂದೇ ಚೌಕಟ್ಟಿನಲ್ಲಿ ಬರುವ, ನಿಂತು ತೆಗೆದ ಎಕ್ಸ್-ರೇ, ಎದುರಿನಿಂದ ಒಂದು, ಪಕ್ಕದಿಂದ ಒಂದು. ಸೊಂಟಕ್ಕೆ ಬೇರೆ, ಎದೆಗೆ ಬೇರೆ ತೆಗೆದ ತುಣುಕುಗಳಲ್ಲಿ ಎಸ್‌ವಿಎ ಅಳೆಯಲಾಗದು. ಪಕ್ಕದ ಚಿತ್ರಕ್ಕೆ ಮಂಡಿ ನೇರವಾಗಿ, ಬೆರಳುಗಳು ಕೊರಳೆಲುಬಿನ ಮೇಲೆ ಇರಬೇಕು. ಮಂಡಿ ಮಡಚಿದರೆ ವಾಲು ಮರೆಯಾಗುತ್ತದೆ. ಒಂದು ಕಾಲು ಗಿಡ್ಡವಿದ್ದರೆ ಅದರಡಿ ಹಲಗೆ ಇಟ್ಟು ಸಮ ಮಾಡಿ ತೆಗೆಯಬೇಕು. ಪದೇಪದೇ ಎಕ್ಸ್-ರೇ ಬೇಕಾಗುವ ಹುಡುಗಿಯರಿಗೆ ಕಿರಣಗಳು ಬೆನ್ನಿನ ಕಡೆಯಿಂದ ಹಾಯುವಂತೆ ನಿಲ್ಲಿಸಿದರೆ ಸ್ತನಗಳಿಗೆ ತಗಲುವ ವಿಕಿರಣ ತೀರ ಕಡಿಮೆಯಾಗುತ್ತದೆ. ಇದನ್ನು ಟೆಕ್ನಿಷಿಯನ್‌ಗೆ ಹೇಳಿ ಕೇಳುವುದರಲ್ಲಿ ತಪ್ಪಿಲ್ಲ. 1992ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಜಾರ್ಜ್ ಷಾರ್ಪಾಕ್ ಅವರ ಕಣಶೋಧಕದಿಂದ ಬೆಳೆದ ಇಒಎಸ್ ಯಂತ್ರವು ಕಡಿಮೆ ವಿಕಿರಣದಲ್ಲಿ ಎರಡೂ ಚಿತ್ರಗಳನ್ನು ಒಟ್ಟಿಗೆ ತೆಗೆಯುತ್ತದೆ. ಹತ್ತಿರದಲ್ಲಿದ್ದರೆ ಅದು ಮೇಲು. ಇಲ್ಲದಿದ್ದರೆ ಸರಿಯಾಗಿ ಜೋಡಿಸಿದ ಡಿಜಿಟಲ್ ಎಕ್ಸ್-ರೇಯಿಂದಲೂ ನಿರ್ಧಾರಕ್ಕೆ ಬೇಕಾದದ್ದೆಲ್ಲ ಸಿಗುತ್ತದೆ, ಅದಕ್ಕಾಗಿ ದೂರದ ಊರಿಗೆ ಅಲೆಯಬೇಕಾಗಿಲ್ಲ.

ಎರಡನೆಯ ಅಭಿಪ್ರಾಯ ಕೇಳಲು ಹೋಗುವಾಗ ಮುದ್ರಿತ ವರದಿಗಿಂತ ಸಿಡಿಯಲ್ಲಿರುವ ಮೂಲ ಚಿತ್ರಗಳನ್ನು, ಹಳೆಯವನ್ನೂ ಸೇರಿಸಿ, ಒಯ್ಯಬೇಕು. ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ತೆಗೆದ ಫೋಟೋವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ, ಓರೆಯಾಗಿ ಹಿಡಿದಷ್ಟೂ ಕೋನ ಬದಲಾಗುತ್ತದೆ, ಸೆಂಟಿಮೀಟರಿನ ಅಳತೆಯಂತೂ ಸಿಗುವುದೇ ಇಲ್ಲ. ಅಂಥ ಫೋಟೋ ನೋಡಿ ಯಾರಾದರೂ ಡಿಗ್ರಿ ಹೇಳಿದರೆ ಅದನ್ನು ಹಳೆಯ ವರದಿಯ ಪಕ್ಕದಲ್ಲಿಟ್ಟು ಹೋಲಿಸಬೇಡಿ.